ರಾಹುಕಾಲ ಮುಗಿದ ಮೇಲೆ ವಿಜ್ಞಾನ

ಮಾನ್ಯರೇ,

‘ವಿಜ್ಞಾನ ಮೇಳಕ್ಕೆ ಅದ್ದೂರಿ ಚಾಲನೆ’ ಎಂದು ಶನಿವಾರ ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಬಂದಿದೆ. ಎಷ್ಟು ಗಂಟೆಗೆ ಚಾಲನೆ ಅನ್ನೋದನ್ನು ಮಾತ್ರ ಬರೆದಿಲ್ಲ. ಆಮಂತ್ರಣದಲ್ಲಿ 10.30 ಇತ್ತು. ಅತಿಥಿಗಳು ಬಂದು ದೀಪ ಹಚ್ಚಿದ್ದು 12.15ಕ್ಕೆ. ಶುಕ್ರವಾರ 12ರವರೆಗೆ ರಾಹುಕಾಲವಂತೆ! ಸಂಘಟಕರೇ ನಗುನಗುತ್ತಾ ಹೇಳಿದರು. ಅವರ ಬೆನ್ನ ಹಿಂದಿನ ಬ್ಯಾನರ್‌ನಲ್ಲಿ ಸಿ.ವಿ. ರಾಮನ್, ಅತಿಥಿಗಳ ಫೋಟೊದ ಕಾಲುಭಾಗದಷ್ಟು. 1928ರ ಫೆಬ್ರವರಿ 28ರಂದು ಅವರು ರಾಮನ್ ಪರಿಣಾಮ ಕಂಡುಕೊಂಡಿದ್ದಕ್ಕೇ ಈ ವಿಜ್ಞಾನ ದಿನಾಚರಣೆ ಅಲ್ವಾ? ಅವತ್ತು ರಾಹುಕಾಲ ನೋಡಿದ್ದರೋ ಇಲ್ಲವೋ ಪಾಪ.

ನಾನು ಅರ್ಧ ದಿನ ರಜೆ ಹಾಕಿ, ಮಗಳ ಮಾಡೆಲ್ ಅಲುಗಬಾರದೆಂದು ಆಟೊಗೆ 180 ರೂಪಾಯಿ ಕೊಟ್ಟು ಬಂದವನು. ವಿಜಯಪುರದ ಬಿಸಿಲು ಗೊತ್ತಲ್ಲ. ನೀರಿನ ಬಾಟಲಿ ವೇದಿಕೆಯ ಮೇಲೆ ಮಾತ್ರ. ನನಗೆ ಇನ್ನೂ ತಲೆನೋವು ಹೋಗಿಲ್ಲ.

ಮಗಳು ಮಾಡಿದ್ದು ನೆರಳಿನ ಗಡಿಯಾರ. ಪ್ಲೈವುಡ್ ತುಂಡು, ಅದರ ಮೇಲೆ ಅವಳಜ್ಜಿಯ ಸ್ವೆಟರ್ ಕಡ್ಡಿ, 17 ಡಿಗ್ರಿ ಎತ್ತರಿಸಿ ಉತ್ತರಕ್ಕೆ ಮುಖ ಮಾಡಿದ್ದು. ತೀರ್ಪುಗಾರರು ಬಂದಾಗ ಅವರ ಮೊಬೈಲಿನಲ್ಲಿ 1.40, ನೆರಳು 1ರ ಗೆರೆಯ ಮೇಲೆ. “ಟೈಮ್ ಹೊಂದವಲ್ದು, ಎಲ್ಲೋ ತಪ್ಪೈತಿ” ಎಂದು ಗೀಟು ಹಾಕಿ ಮುಂದಕ್ಕೆ ಹೋದರು. ಹತ್ತು ದಿನ ನೋಡಿ ಬರೆದಿಟ್ಟ ನೋಟ್‌ಬುಕ್ ಪಕ್ಕದಲ್ಲೇ ಇತ್ತು. ತೆರೆಯಲೂ ಇಲ್ಲ.

ತಪ್ಪೇನಿಲ್ಲ ಸ್ವಾಮಿ. ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ. ನಾವಿರುವುದು 75.7ರ ಹತ್ತಿರ. ಡಿಗ್ರಿಗೆ 4 ನಿಮಿಷದಂತೆ ನಮ್ಮ ನೆರಳು ಗಡಿಯಾರಕ್ಕಿಂತ 27 ನಿಮಿಷ ಹಿಂದೆ. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಅಚ್ಚೂ ಓರೆ. ಅದಕ್ಕೇ ಫೆಬ್ರವರಿ ಕೊನೆಗೆ ಇನ್ನೊಂದು 13 ನಿಮಿಷ ತಡ. ಒಟ್ಟು 40. ನೆರಳಿಗೂ ಮೊಬೈಲಿಗೂ ಯಾಕೆ ಹೊಂದುತ್ತಿಲ್ಲ ಅಂತ ಕೇಳುವುದೇ ವಿಜ್ಞಾನ ಎಂದು ನಾನು ತಿಳಿದಿದ್ದೆ. “ಪಪ್ಪಾ, ನೆರಳು ಸುಳ್ಳು ಹೇಳತೈತೇನು?” ಎಂದು ಅವಳು ಆಟೊದಲ್ಲಿ ಕೇಳಿದಳು. ಮತ್ತೆ 180 ರೂಪಾಯಿ.

ಅಂದಹಾಗೆ ರಾಹುಕಾಲವನ್ನೂ ಸೂರ್ಯೋದಯದಿಂದಲೇ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಅವತ್ತು ಅದು ಮುಗಿದದ್ದು ನೆರಳಿನ 12ಕ್ಕೆ, ಅಂದರೆ ಮೊಬೈಲಿನ 12.40ರ ಸುಮಾರಿಗೆ. ದೀಪ ಹಚ್ಚಿದ್ದು ರಾಹುಕಾಲದಲ್ಲೇ ಆಯ್ತಲ್ಲ!

ಇವರಿಗೆ ಹೇಳಿ ಏನುಪಯೋಗ? ಮಗಳ ಶಾಲೆಯ ಲ್ಯಾಬಿನಲ್ಲಿ ಮುರಿದ ಬೆಂಚು ತುಂಬಿದ್ದಾರೆ. ಕೀಲಿ ಯಾರ ಹತ್ತಿರ ಅಂತ ಎರಡು ವರ್ಷದಿಂದ ಕೇಳುತ್ತಿದ್ದೇನೆ. ನಮ್ಮ ಓಣಿಯ ಬೀದಿದೀಪ ಹಗಲೆಲ್ಲ ಉರಿದು ರಾತ್ರಿ ಆರುತ್ತದೆ. ಮೂರು ಅರ್ಜಿ ಕೊಟ್ಟೆ. “ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ” ಅನ್ನೋದು ಬಿಟ್ಟರೆ ಬೇರೆ ಉತ್ತರವಿಲ್ಲ.

ಸಂಬಂಧಪಟ್ಟವರು ಮುಂದಿನ ವರ್ಷವಾದರೂ ಹೊತ್ತಿಗೆ ಸರಿಯಾಗಿ ಬರಲಿ, ಇಲ್ಲವೇ ಈ ಮೇಳವನ್ನೇ ಬಿಡಲಿ. ಬಿಡುವುದಾದರೆ ಆ ಲ್ಯಾಬಿನ ಕೀಲಿಯನ್ನಾದರೂ ಕೊಡಲಿ. ಹಾಗೇ ಬೀದಿದೀಪದ್ದೂ ಏನಾದರೂ ಮಾಡಲಿ.

— ಒಬ್ಬ ಪಾಲಕ, ವಿಜಯಪುರ