ಹಿಮ್ಮೇಳ ಮಾತಾಡಿದ ಸಾಲು

ಪ್ರೀತಿಯ ಕೊಡೆ ಮಾಮಾ,

ಫೋನ್ ಮಾಡಬಹುದಿತ್ತು. ಆದರೆ ಇದು ಫೋನಲ್ಲಿ ಹೇಳಿ ಮುಗಿಸುವ ಮಾತಲ್ಲ. ಉಳಿದವರೂ ಓದಲಿ ಅಂತಲೇ ಇಲ್ಲಿ ಹಾಕುತ್ತಿದ್ದೇನೆ. ಬೇಂದ್ರೆ ಪದ್ಯದ ವಿಷಯ, ಎಲ್ಲರಿಗೂ ಸೇರಿದ್ದು. ನಮ್ಮ ಅಡ್ಡಹೆಸರುಗಳು ಮಾತ್ರ ಹಾಗೇ ಇರಲಿ.

ಮಗಳ ಶಾಲೆಯಲ್ಲಿ ಹಾಡಿನ ಸ್ಪರ್ಧೆ. ಅವಳು ಆರಿಸಿಕೊಂಡಿದ್ದು ‘ಬೆಳಗು’. ಅದೇ, ‘ಮೂಡಲ ಮನೆಯ’. 1932ರ ‘ಗರಿ’ ಸಂಕಲನದ ಪದ್ಯ. ನಮ್ಮಿಬ್ಬರಿಗೂ ಅದು ಮೊದಲು 1967ರ ‘ಬೆಳ್ಳಿಮೋಡ’ ಸಿನಿಮಾದ ಹಾಡಾಗಿ ರೇಡಿಯೊದಲ್ಲಿ ಸಿಕ್ಕಿದ್ದು. ಪರೀಕ್ಷೆಯಲ್ಲಿ ಏನು ಬರೆದಿದ್ದೆವು ನೆನಪಿದೆಯಾ? ‘ಕವಿ ಸೂರ್ಯೋದಯವನ್ನು ಸುಂದರವಾಗಿ ವರ್ಣಿಸಿದ್ದಾರೆ.’

ನಾನು ಬೀನ್ಸ್ ಹೆಚ್ಚುತ್ತಾ ಕೂತಿದ್ದೆ, ಅವಳು ಬಾಯಿಪಾಠ ಒಪ್ಪಿಸುತ್ತಿದ್ದಳು. ಆ ಪದ್ಯದ ನಡಿಗೆ ನಿನಗೆ ಗೊತ್ತು. ಒಂದು ಉದ್ದ ಸಾಲು, ಅದರ ಬಾಲ ಹಿಡಿದು ಬರುವ ಒಂದು ಗಿಡ್ಡ ಸಾಲು. ‘ಜಗವೆಲ್ಲಾ ತೊಯ್ದಾ’ ಅಂದಮೇಲೆ ‘ಹೋಯ್ತೋ ಜಗವೆಲ್ಲಾ ತೊಯ್ದಾ’. ಮೇಳದಲ್ಲಿ ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಹಿಂದಿನಿಂದ ಹೇಳುತ್ತಾರಲ್ಲ, ಹಾಗೆ. ಆದರೆ ಈ ಹಿಮ್ಮೇಳ ಸುಮ್ನೆ ತಿರುಗಿ ಹೇಳುವುದಿಲ್ಲ. ಒಂದು ಪುಟ್ಟ ಮಾತು ಸೇರಿಸುತ್ತದೆ. ‘ಹೋಯ್ತೋ’, ‘ತಾನೇ’, ‘ಈಗ’, ‘ಕ್ಷಣದೊಳು’. ಬೆಳಕು ಬರುವುದೂ ಹಾಗೇ ಅಲ್ವಾ? ಈಗಷ್ಟೇ ನೋಡಿದ ಗೋಡೆಯನ್ನೇ ಮತ್ತೆ ನೋಡುತ್ತೇವೆ, ಅದರ ಮೇಲೆ ಒಂದು ಚೂರು ಜಾಸ್ತಿ ಬೆಳಕು ಬಿದ್ದಿರುತ್ತದೆ.

ಕೊನೆಯ ನುಡಿಗೆ ಬಂದಳು. ‘ಶಾಂತಿರಸವೇ ಪ್ರೀತಿಯಿಂದಾ ಮೈದೋರಿತಣ್ಣಾ’ ಅಂದಳು. ಅದೇ ಓಟದಲ್ಲಿ ‘ಇಲ್ಲಿ ಮೈದೋರಿತಣ್ಣಾ’ ಅಂತ ಸೇರಿಸಿಬಿಟ್ಟಳು. ತಪ್ಪು ಅಂದೆ. ‘ಇದು ಬರಿ ಬೆಳಗಲ್ಲೋ ಅಣ್ಣಾ’ ಅನ್ನಬೇಕು.

“ಎಲ್ಲಾ ಕಡೆ ರಿಪೀಟ್ ಆಗತ್ತೆ. ಇಲ್ಲಿ ಯಾಕೆ ಆಗಲ್ಲ?”

ಚಾಕು ಕೆಳಗಿಟ್ಟು ಪುಸ್ತಕ ತೆಗೆದೆ. ಅವಳು ಹೇಳಿದ್ದು ಬಹುಮಟ್ಟಿಗೆ ನಿಜ. ಅದಕ್ಕೂ ಮುಂಚೆ, ಕಣ್ಣು, ನಾಲಗೆ, ಕಿವಿ, ಮೂಗು ಎಲ್ಲ ತುಂಬಿ ಬಂದ ಕಡೆ ಹಿಮ್ಮೇಳ ಒಮ್ಮೆ ಸಡಿಲವಾಗುತ್ತದೆ. ‘ಗೇಹಾ’ ಅನ್ನುವ ಒಂದೇ ಪದ ಉಳಿಯುತ್ತದೆ. ಮತ್ತೆ ಹಿಡಿತಕ್ಕೆ ಬರುತ್ತದೆ. ಕೊನೆಗೆ ಉಳಿಯುವುದು ‘ಅಣ್ಣಾ’ ಮಾತ್ರ. ಅಷ್ಟು ಹೊತ್ತು ಇನ್ನೊಬ್ಬರ ಮಾತನ್ನೇ ಆಡುತ್ತಿದ್ದ ದನಿ ತನ್ನ ಮಾತು ಆಡಿಬಿಡುತ್ತದೆ. ‘ಬರಿ ಬೆಳಗಲ್ಲ’ ಅಂತ ಯಾರು ಬೇಕಾದರೂ ಹೇಳಬಹುದು. ಇಲ್ಲಿ ಮೈ ಜುಮ್ಮೆನ್ನುವುದು, ಅದೇ ಮಾತಿಗೆ ಕಾದಿದ್ದ ಕಿವಿಗೆ ಬೇರೆಯದು ಬೀಳುವುದರಿಂದ.

ನಮ್ಮ ಜಗಲಿಯಲ್ಲಿ ಎತ್ತಿಕೊಡುತ್ತಿದ್ದವರು ಅಪ್ಪ. ಹಿಮ್ಮೇಳ ನಾನು. ನೀನೂ ಎಷ್ಟೋ ಸಲ ಸೇರಿಕೊಂಡಿದ್ದೀಯ. ಆ ಕೊನೆ ಸಾಲು ಬಂದಾಗ ಅಪ್ಪ ನನ್ನ ಮುಖ ನೋಡುತ್ತಿದ್ದರು. ಯಾಕೆ ಅಂತ ನಾನು ಕೇಳಿರಲಿಲ್ಲ.

ನಿನಗೆ ಹೇಳದ ಒಂದು ಮಾತಿದೆ. ಅವರು ಹೋದ ನಸುಕಿನಲ್ಲಿ ನಾನು ಪಕ್ಕದಲ್ಲಿರಲಿಲ್ಲ. ಕಾಫಿಗೆ ಕೆಳಗೆ ಹೋಗಿದ್ದೆ. ವಾಪಸ್ ಬರುವಾಗ ಆಸ್ಪತ್ರೆಯ ಮೆಟ್ಟಿಲ ಕಿಟಕಿಯಲ್ಲಿ ಮೂಡಣ ಕೆಂಪಾಗಿತ್ತು. ಚೆನ್ನಾಗಿದೆ ಅಂತ ನಿಂತು ನೋಡಿದೆ. ಅಷ್ಟರಲ್ಲೇ ಆಗಿಹೋಗಿತ್ತು. ಎಲ್ಲರಿಗೂ, ಅಮ್ಮನಿಗೂ, ಪಕ್ಕದಲ್ಲೇ ಇದ್ದೆ ಅಂತ ಹೇಳಿದ್ದೇನೆ. ಅಂದಿನಿಂದ ಬೆಳಗ್ಗೆ ಪರದೆ ಸರಿಸುವುದಿಲ್ಲ. ಈ ಪದ್ಯವನ್ನೂ ಮುಟ್ಟಿರಲಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ ಮಾರಾಯ. ಇರಲಿ ಬಿಡು. ಮಗಳಿಗೆ ಎರಡನೇ ಬಹುಮಾನ ಬಂತು, ಒಂದು ಸ್ಟೀಲ್ ಡಬ್ಬಿ. ಯಾರಿಗೂ ಮುಟ್ಟಲು ಕೊಡುತ್ತಿಲ್ಲ. ದಸರಾ ರಜೆಗೆ ಬಾ. ಅವಳು ಎತ್ತಿಕೊಡುತ್ತಾಳೆ, ನಾವಿಬ್ಬರೂ ಹಿಂದೆ ಕೂರೋಣ. ಕೊನೆ ಸಾಲಿಗೆ ನನ್ನ ಗಂಟಲು ಕಟ್ಟಿದರೆ ನೀನು ಹೇಳು.

ಬರುವಾಗ ಕೊಡೆ ಮಾತ್ರ ತರಬೇಡ.

ನಿನ್ನ
ಸೆಕೆಂಡ್ ಶೋ