ಬುಧವಾರ ರಾತ್ರಿ ನನ್ನನ್ನು ಮಲಗಲು ಬಿಟ್ಟವರಿಗೆ

ಆನ್‌ಲೈನ್ ಆಟವೊಂದರ ಮಿಥಿಕ್ ರೇಡಿಂಗ್ ಬಿಟ್ಟು ಈ ವಾರಕ್ಕೆ ಹದಿನಾಲ್ಕು ತಿಂಗಳಾಯಿತು. ವರ್ಷ ತುಂಬಿದಾಗಲೇ ಇದನ್ನು ಬರೆಯಬೇಕಿತ್ತು. ಆಗ ಲಗ್ನದ ಸುಗ್ಗಿ, ಪ್ರೆಸ್ಸಿನಲ್ಲಿ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಈಗ ಆಷಾಢ. ಲಗ್ನಪತ್ರಿಕೆ ಹಾಕಿಸಲು ಯಾರೂ ಬರುವುದಿಲ್ಲ. ಗದಗಿನ ಮುದ್ರಣಾಲಯಗಳಲ್ಲಿ ಕೆಲಸ ಮಾಡಿದವರಿಗೆ ಈ ತಿಂಗಳ ನಿಶ್ಶಬ್ದ ಗೊತ್ತಿರುತ್ತದೆ. ಋಣ ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು.

ಮೊದಲು ಆಟದ ವಿಷಯ, ಆಡದವರಿಗಾಗಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರಿಂದ ನಡೆಯುತ್ತಿರುವ ಆನ್‌ಲೈನ್ ಆಟ. ಅದರಲ್ಲಿ ರೇಡ್ ಎಂದರೆ ಒಂದು ತಂಡ ಕೋಟೆಯೊಳಗೆ ನುಗ್ಗಿ ಒಬ್ಬೊಬ್ಬನೇ ಬಾಸ್‌ನನ್ನು, ಅಂದರೆ ಬಲಶಾಲಿ ಶತ್ರುವನ್ನು, ಕೊಲ್ಲುತ್ತಾ ಹೋಗುವುದು. ನಾರ್ಮಲ್, ಹೀರೋಯಿಕ್ ಹಂತಗಳಿಗೆ ಹತ್ತು ಜನರೂ ಹೋಗಬಹುದು, ಮೂವತ್ತು ಜನರೂ ಹೋಗಬಹುದು. ಎಲ್ಲಕ್ಕಿಂತ ಕಠಿಣವಾದ ಮಿಥಿಕ್‌ಗೆ ಮಾತ್ರ ಇಪ್ಪತ್ತು ಜನ. ಇಪ್ಪತ್ತೊಂದನೆಯವನಿಗೆ ಒಳಗೆ ಜಾಗವಿಲ್ಲ, ಹತ್ತೊಂಬತ್ತೇ ಜನ ಹೋದರೆ ಗೆಲುವಿನ ಆಸೆ ಬಿಡಬೇಕು. ಒಬ್ಬ ಎಡವಿದರೆ ಇಪ್ಪತ್ತೂ ಜನ ಸಾಯುತ್ತಾರೆ. ಅದಕ್ಕೆ ವೈಪ್ ಎನ್ನುತ್ತೇವೆ. ಎದ್ದು ಮತ್ತೆ ಮೊದಲಿನಿಂದ. 2017ರಲ್ಲಿ ಕಿಲ್‌ಜೇಡನ್ ಎಂಬ ಬಾಸ್‌ನನ್ನು ಜಗತ್ತಿನಲ್ಲೇ ಮೊದಲು ಕೊಂದ ತಂಡಕ್ಕೆ 654 ಪ್ರಯತ್ನ ಬೇಕಾದವು. ನಾವು ಅಂಥ ದೊಡ್ಡ ತಂಡವೇನಲ್ಲ, ಆದರೆ ಸಾಯುವ ಸಹನೆಯಲ್ಲಿ ಯಾರಿಗೂ ಕಡಿಮೆಯಿರಲಿಲ್ಲ.

ನಾನು ಹೀಲರ್. ಗಾಯಗೊಂಡವರನ್ನು ಬದುಕಿಸುವವನು. ಹೀಲರ್‌ಗೆ ಬಾಸ್‌ನ ಮುಖ ನೆನಪಿರುವುದಿಲ್ಲ, ನೋಡಲು ಸಮಯವೇ ಇರುವುದಿಲ್ಲ. ಪರದೆಯ ಮೂಲೆಯಲ್ಲಿ ಇಪ್ಪತ್ತು ಪಟ್ಟಿಗಳಿರುತ್ತವೆ, ಒಬ್ಬೊಬ್ಬರ ಜೀವಕ್ಕೆ ಒಂದೊಂದು. ಯಾವ ಪಟ್ಟಿ ಕುಗ್ಗುತ್ತಿದೆ, ಯಾವುದು ಈಗ ಕುಗ್ಗಲಿದೆ ಎಂಬುದೊಂದೇ ಧ್ಯಾನ. ಐದು ವರ್ಷಗಳಲ್ಲಿ ನಾನು ನೋಡಿದ್ದು ಹೆಚ್ಚು ಕಡಿಮೆ ಆ ಪಟ್ಟಿಗಳನ್ನೇ.

ಸೇರಿಕೊಂಡದ್ದು 2020ರಲ್ಲಿ. ಮದುವೆಗೆ ಐವತ್ತು ಜನರ ಮೇಲೆ ಸೇರಬಾರದೆಂಬ ನಿಯಮ ಬಂದ ವರ್ಷ. ಐವತ್ತು ಜನರ ಮದುವೆಗೆ ಯಾರು ಪತ್ರಿಕೆ ಹಾಕಿಸುತ್ತಾರೆ? ಪ್ರೆಸ್ ಮುಚ್ಚಿತ್ತು, ರಾತ್ರಿಗಳು ಉದ್ದವಾಗಿದ್ದವು, ಯೂರೋಪಿನ ಸರ್ವರ್‌ನ ಒಂದು ಗಿಲ್ಡ್‌ಗೆ, ಅಂದರೆ ಆಟಗಾರರ ಸಂಘಕ್ಕೆ, ಹೀಲರ್ ಬೇಕಾಗಿದ್ದ. ಅವರ ರೇಡ್ ರಾತ್ರಿ ಎಂಟಕ್ಕೆ ಶುರು. ಬೇಸಿಗೆಯಲ್ಲಿ ಅದು ಬೆಟಗೇರಿಯ ಹನ್ನೊಂದೂವರೆ. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದರೆಂದರೆ ಮುಂದಿನ ಐದು ತಿಂಗಳು ಹನ್ನೆರಡೂವರೆ. ಬುಧವಾರ, ಭಾನುವಾರ, ಸೋಮವಾರ, ಮೂರು ಮೂರು ಗಂಟೆ. ಮುಗಿದ ಮೇಲೆ ಲಾಗ್, ಅಂದರೆ ಕಾದಾಟದಲ್ಲಿ ಯಾರು ಏನು ಮಾಡಿದರೆಂಬ ದಾಖಲೆ, ನೋಡಲು ಇನ್ನರ್ಧ ಗಂಟೆ. ಒಳ್ಳೆಯ ಸಾಮಗ್ರಿ ಸಿಗಲು ವಾರಕ್ಕೆ ಎಂಟು ಡಂಜನ್, ಅಂದರೆ ಸಣ್ಣ ತಂಡದ ಕಾದಾಟ, ಬೇರೆ. ಚಳಿಗಾಲದಲ್ಲಿ ನಾಲ್ಕಕ್ಕೆ ಮಲಗಿ ಎಂಟಕ್ಕೆ ಎದ್ದು ಒಂಬತ್ತೂವರೆಗೆ ಪ್ರೆಸ್ಸಿನಲ್ಲಿರುತ್ತಿದ್ದೆ.

ಕಂಪ್ಯೂಟರ್ ಇಟ್ಟಿದ್ದು ಅಪ್ಪ ನೇಯುತ್ತಿದ್ದ ಕೋಣೆಯಲ್ಲಿ. ಕುಣಿ ಮಗ್ಗ ತೆಗೆದು, ಗುಂಡಿ ಮುಚ್ಚಿ, ಮೇಲೆ ಶಹಾಬಾದ್ ಕಲ್ಲು ಹಾಸಿದ್ದೇವೆ. ಅದರ ಮೇಲೆಯೇ ನನ್ನ ಮೇಜು. ಮನೆಯವರೆಲ್ಲ ಮಲಗಿರುತ್ತಿದ್ದರಿಂದ ಪಿಸುಮಾತಿನಲ್ಲೇ ಮಾತು. ಒಮ್ಮೆ ಫಿನ್‌ಲ್ಯಾಂಡಿನ ಗೆಳೆಯನೊಬ್ಬ, ನಿನ್ನ ಮೈಕಿನಲ್ಲಿ ಯಾರೋ ನಾಲಿಗೆಯಿಂದ ಲೊಚ್ ಲೊಚ್ ಎನ್ನುತ್ತಿದ್ದಾರಲ್ಲ, ಯಾರದು ಎಂದು ಕೇಳಿದ. ಹಲ್ಲಿ. ಅಂದಿನಿಂದ ಪುಲ್‌ಗೆ, ಅಂದರೆ ಬಾಸ್‌ನ ಮೇಲೆ ಬೀಳುವುದಕ್ಕೆ, ಮುಂಚೆ ಹಲ್ಲಿ ನುಡಿದರೆ ಶುಭವೇ ಅಶುಭವೇ ಎಂದು ಹತ್ತೊಂಬತ್ತು ಜನ ನನ್ನನ್ನು ಕೇಳುತ್ತಿದ್ದರು. ಅಂಥವರನ್ನು ಬಿಟ್ಟು ಬರುವುದು ಸುಲಭವಾಗಿರಲಿಲ್ಲ ಎಂದು ಹೇಳಲಿಕ್ಕೇ ಇದನ್ನು ಬರೆದೆ.

ಇನ್ನು ಕಳೆದ ವರ್ಷದ ಮಾರ್ಚ್.

ಪ್ರೆಸ್ಸಿನಲ್ಲಿ ನಾವು ಪ್ರತಿ ಲಗ್ನಪತ್ರಿಕೆಯನ್ನೂ ಹೊಸದಾಗಿ ಟೈಪ್ ಮಾಡುವುದಿಲ್ಲ. ಹಳೆಯ ಫೈಲ್ ತೆರೆದು ಹೆಸರು, ಊರು, ಮುಹೂರ್ತ ಬದಲಿಸುತ್ತೇವೆ. ಆ ಗುರುವಾರ ನಾನು ತೆರೆದ ಫೈಲಿನಲ್ಲಿ ವರನ ತಂದೆಯ ಹೆಸರಿನ ಹಿಂದೆ ‘ದಿ.’ ಎಂದಿತ್ತು. ಹೆಸರು ಬದಲಿಸಿದೆ. ‘ದಿ.’ ಉಳಿಯಿತು. ಒಂದು ಅಕ್ಷರ, ಒಂದು ಚುಕ್ಕೆ. ಪ್ರೂಫ್ ನೋಡಿದವನೂ ನಾನೇ. 800 ಪ್ರತಿ ಅಚ್ಚಾಗಿ, ಮಡಿಕೆಯಾಗಿ, ಕಟ್ಟು ಕಟ್ಟಿಸಿಕೊಂಡು ಹೋದವು.

ಎರಡು ದಿನದ ಮೇಲೆ ವರನ ತಂದೆ ತಾವೇ ಬಂದರು. ಬಿಳಿ ಧೋತರ, ಟೋಪಿ, ಕೈಯಲ್ಲಿ ಒಂದು ಪತ್ರಿಕೆ. ಅದಕ್ಕೆ ಅರಿಷಿಣ ಕುಂಕುಮ ಹತ್ತಿತ್ತು, ದೇವರ ಮುಂದಿಟ್ಟ ಮೊದಲ ಪತ್ರಿಕೆ. ಕೌಂಟರಿನ ಮೇಲಿಟ್ಟು, ಆ ಜಾಗದ ಮೇಲೆ ಬೆರಳಿಟ್ಟು, “ತಮ್ಮಾ, ನಾನು ಇನ್ನೂ ಇದ್ದೇನೆ” ಎಂದರು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. “ನನಗೇನೂ ಅನ್ನಿಸುವುದಿಲ್ಲ, ಮನೆಯಲ್ಲಿ ಹೆಣ್ಣುಮಕ್ಕಳು ಅಳುತ್ತಿದ್ದಾರೆ” ಎಂದಷ್ಟೇ ಹೇಳಿ, ಹೊರಗಿನ ಬೆಂಚಿನ ಮೇಲೆ ಕುಳಿತು ಚಹಾ ಕುಡಿದರು. ಯಜಮಾನರೇ, ನೀವು ಇದನ್ನು ಓದುವುದಿಲ್ಲ ಎಂದು ಗೊತ್ತು. ಮೊದಲ ನಮಸ್ಕಾರ ನಿಮಗೇ.

ಎರಡನೆಯದು ಪ್ರೆಸ್ಸಿನ ಮಾಲೀಕರಿಗೆ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಆ ರಾತ್ರಿ ಅವರೇ ನಿಂತು 800 ಪ್ರತಿಯನ್ನೂ ಮತ್ತೆ ಹಾಕಿಸಿದರು. ಕಾಗದದ ಖರ್ಚು ನನ್ನ ಪಗಾರದಲ್ಲಿ ಹಿಡಿಯಲಿಲ್ಲ. ಬೆಳಿಗ್ಗೆ ಕರೆದು, ರಾತ್ರಿ ಎಷ್ಟಕ್ಕೆ ಮಲಗುತ್ತೀ ಎಂದು ಕೇಳಿದರು. ಹನ್ನೆರಡಕ್ಕೆ ಎಂದೆ. “ನಾನು ಏಳುವುದೇ ಮೂರೂಮುಕ್ಕಾಲಿಗೆ. ಆಗ ವಾಟ್ಸಾಪ್‌ನಲ್ಲಿ ನೀನು ಆನ್‌ಲೈನ್ ಇರುತ್ತೀಯಲ್ಲಪ್ಪ” ಎಂದರು. ಅಲ್ಲಿಗೆ ಆ ಮಾತು ಮುಗಿಸಿದರು. ಮರುದಿನದಿಂದ ಪ್ರತಿ ಪ್ರೂಫನ್ನೂ ಒಬ್ಬ ಗಟ್ಟಿಯಾಗಿ ಓದುವುದು, ಇನ್ನೊಬ್ಬ ಕೈಬರಹದ ಚೀಟಿ ಹಿಡಿದು ಕೇಳುವುದು ಎಂಬ ಪದ್ಧತಿ ಬಂತು. ಓದುವ ಕೆಲಸ ನನಗೇ ಕೊಟ್ಟರು.

ಅಲ್ಲಿಗೆ ಆಟ ಬಿಟ್ಟೆ ಎಂದು ಬರೆದರೆ ಚೆಂದವಾಗಿರುತ್ತಿತ್ತು. ಬಿಡಲಿಲ್ಲ. ಇನ್ನೂ ಎಂಟು ವಾರ ಆಡಿದೆ. ಕೊನೆಯ ಬಾಸ್‌ಗೆ ಶೇಕಡಾ 4ರಷ್ಟು ಜೀವ ಉಳಿಯುವವರೆಗೆ ತಲುಪಿದ್ದೆವು. ಅಷ್ಟು ಹತ್ತಿರ ಬಂದು ಇಪ್ಪತ್ತರಲ್ಲಿ ಒಬ್ಬ ಎದ್ದು ಹೋದರೆ ಉಳಿದ ಹತ್ತೊಂಬತ್ತು ಜನರ ಗತಿಯೇನು? ಹೀಗೆ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಲಾಗ್‌ನಲ್ಲಿ ನನ್ನ ಹೆಸರಿನ ಮುಂದೆ ಕೇಸರಿ ಬಣ್ಣ ಬರಬೇಕೆಂಬ ಆಸೆಯೂ ಇತ್ತು. ನೂರರಲ್ಲಿ ತೊಂಬತ್ತೈದು ಜನರಿಗಿಂತ ಮೇಲಿದ್ದವರಿಗೆ ಆ ಬಣ್ಣ. ಒಂದು ತಪ್ಪೊಪ್ಪಿಗೆ: ಆ ಬಣ್ಣಕ್ಕಾಗಿ ಇತರ ಹೀಲರ್‌ಗಳು ವಾಸಿ ಮಾಡಲಿದ್ದ ಗಾಯವನ್ನು ಅರೆಗಳಿಗೆ ಮುಂಚೆ ನಾನೇ ವಾಸಿ ಮಾಡಿಬಿಡುತ್ತಿದ್ದೆ. ತಂಡಕ್ಕೆ ಅದರಿಂದ ಮೂರು ಕಾಸಿನ ಲಾಭವಿಲ್ಲ.

ಬಿಡಿಸಿದ್ದು ನಮ್ಮ ವೈನಿ, ಅಣ್ಣನ ಹೆಂಡತಿ. ಅಷ್ಟು ವರ್ಷ ರಾತ್ರಿ ನನ್ನ ತಾಟಿನಲ್ಲಿ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಹಾಕಿ, ಇನ್ನೊಂದು ತಾಟು ಮುಚ್ಚಿಟ್ಟು ಮಲಗುತ್ತಿದ್ದವರು, ಒಂದು ದಿನವೂ ಇದೇನು ಆಟ ಎಂದು ಕೇಳಿರಲಿಲ್ಲ. ಮೇ ತಿಂಗಳ ಒಂದು ಸಂಜೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ, “ನಿಮ್ಮ ಇಪ್ಪತ್ತು ಜನರಲ್ಲಿ ಯಾರಿಗಾದರೂ ಜ್ವರ ಬಂದರೆ ಏನು ಮಾಡುತ್ತೀರಿ?” ಎಂದು ಕೇಳಿದರು.

“ಬೆಂಚಿನಲ್ಲಿ ಮೂರು ನಾಲ್ಕು ಜನ ಇರುತ್ತಾರೆ. ಅವರಲ್ಲಿ ಒಬ್ಬರನ್ನು ಕರೆಯುತ್ತೇವೆ.”

“ಹಾಗಾದರೆ ಅವರನ್ನೇ ಕರೆದುಕೊಳ್ಳಲು ಹೇಳು, ತಮ್ಮಾ.”

ತೊಟ್ಟು ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ.

ರೇಡ್ ಲೀಡರ್‌ಗೆ ಪತ್ರ ಬರೆಯಲು ಮೂರು ರಾತ್ರಿ ತೆಗೆದುಕೊಂಡೆ. ಡೆನ್ಮಾರ್ಕಿನವನು, ನನಗಿಂತ ಹತ್ತು ವರ್ಷ ದೊಡ್ಡವನು. ಎರಡೇ ನಿಮಿಷದಲ್ಲಿ ಉತ್ತರ ಬಂತು: ಸರಿ, ಮೊದಲು ನಿದ್ದೆ ಮಾಡು, ಬುಧವಾರಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ. ನಿಜ ಹೇಳುತ್ತೇನೆ, ಸಿಟ್ಟು ಬಂತು. ಇನ್ನೂ ಸ್ವಲ್ಪ ಬೇಡಿಕೊಳ್ಳಬಹುದಿತ್ತಲ್ಲ! ಅವನು ಬೇಡಿಕೊಂಡಿದ್ದರೆ ನಾನು ಇಂದಿಗೂ ಅಲ್ಲೇ ಇರುತ್ತಿದ್ದೆ ಎಂಬುದು ಅವನಿಗೆ ಗೊತ್ತಿತ್ತು ಎಂದು ಈಗ ಅನಿಸುತ್ತದೆ. ಅಣ್ಣಾ, ಆ ಎರಡು ನಿಮಿಷಕ್ಕೆ ನಿನಗೆ ಋಣಿ.

ಹನ್ನೊಂದು ದಿನದ ಮೇಲೆ ಬಾಸ್ ಸತ್ತ. ವಾಯ್ಸ್ ಚಾನೆಲ್‌ಗೆ ನನ್ನನ್ನೂ ಕರೆದಿದ್ದರು, ಕತ್ತಲಲ್ಲಿ ಕುಳಿತು ಕೇಳುತ್ತಿದ್ದೆ. ನನ್ನ ಜಾಗಕ್ಕೆ ಬಂದಿದ್ದವಳು ಪೋರ್ಚುಗಲ್‌ನ ವಿದ್ಯಾರ್ಥಿನಿ. ಅವಳು ಕೂಗಿದ ಕೂಗಿಗೆ ನಮ್ಮ ಹಲ್ಲಿಯೂ ಓಡಿಹೋಗಿರಬೇಕು. ಅಭಿನಂದನೆ ಹೇಳಿ, ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು, ಅವಳ ಲಾಗ್ ತೆರೆದು ತಪ್ಪು ಹುಡುಕಲು ಕುಳಿತೆ. ಒಂದು ಸಿಕ್ಕಿತು. ಹೇಳಲಿಲ್ಲ. ಯಾವ ಕ್ಷಣಕ್ಕೆ ಯಾರು ಯಾವ ಮಂತ್ರ ಬಳಸಬೇಕೆಂದು ನಾನು ಬರೆದಿಟ್ಟ ಪಟ್ಟಿಯನ್ನು ಅವಳು ಎರಡು ಕಡೆ ಬದಲಿಸಿದ್ದಳು. ಎರಡೂ ಕಡೆ ಅವಳದೇ ಸರಿ. ತಂಗೀ, ನಾನಿಲ್ಲದಿದ್ದರೂ ಆ ಇಪ್ಪತ್ತು ಜೀವದ ಪಟ್ಟಿಗಳು ಆರುವುದಿಲ್ಲ ಎಂದು ತೋರಿಸಿದವಳು ನೀನು. ಆ ರಾತ್ರಿ ಅದು ಒಳ್ಳೆಯ ಸುದ್ದಿಯಾಗಿ ಕೇಳಿಸಿರಲಿಲ್ಲ.

ಮೊದಲ ಕೆಲವು ಬುಧವಾರ ಮಲಗಿದರೂ ಎರಡೂವರೆಯವರೆಗೆ ಕಣ್ಣು ಹತ್ತುತ್ತಿರಲಿಲ್ಲ. ಹುಬ್ಬಳ್ಳಿಯ ಉಣಕಲ್‌ನಲ್ಲಿರುವ ಚಿಕ್ಕಪ್ಪನ ಮಗ ಶನಿವಾರಗಳಂದು ರೈಲು ಹತ್ತಿ ಬಂದು, ಭೀಷ್ಮ ಕೆರೆಯ ದಂಡೆಯಲ್ಲಿ ನನ್ನನ್ನು ಸುತ್ತಿಸಿ, ಮಿರ್ಚಿ ಗಿರ್ಮಿಟ್ ತಿನ್ನಿಸಿ ಹೋಗುತ್ತಿದ್ದ. ದುಡ್ಡು ಪ್ರತಿ ಸಲ ನನ್ನದೇ, ಅದನ್ನೂ ಇಲ್ಲಿ ದಾಖಲಿಸುತ್ತೇನೆ.

ಆಟ ಪೂರ್ತಿ ಬಿಟ್ಟಿಲ್ಲ. ಭಾನುವಾರ ಮಧ್ಯಾಹ್ನ ನಾರ್ಮಲ್ ರೇಡ್, ಬಂದಷ್ಟು ಜನ. ಅಣ್ಣನ ಮಗಳು ತೊಡೆಯ ಮೇಲೆ ಕುಳಿತಿರುತ್ತಾಳೆ. ಅವಳು ಹಟ ಮಾಡಿದ್ದರಿಂದಲೇ ಒಮ್ಮೆ ತಲೆ ಎತ್ತಿ ಬಾಸ್‌ನ ಮುಖ ನೋಡಿದೆ. ಕೊಂಬುಗಳಿದ್ದವು.

ಮೊನ್ನೆ ಸೋಮವಾರ ಆ ಯಜಮಾನರು ಮತ್ತೆ ಪ್ರೆಸ್ಸಿಗೆ ಬಂದಿದ್ದರು. ಮೊಮ್ಮಗನ ತೊಟ್ಟಿಲು ಕಾರ್ಯ, ಶ್ರಾವಣದಲ್ಲಿ, 200 ಪತ್ರಿಕೆ. ಗದಗಿನಲ್ಲಿ ಎಷ್ಟೋ ಪ್ರೆಸ್ಸುಗಳಿದ್ದರೂ ಇಲ್ಲಿಗೇ ಬಂದರು. ಹಳೆಯ ಫೈಲ್ ತೆರೆಯಲಿಲ್ಲ, ಮೊದಲಿನಿಂದ ಟೈಪ್ ಮಾಡಿದೆ. ಪ್ರೂಫ್ ಗಟ್ಟಿಯಾಗಿ ಓದುವಾಗ ಅಜ್ಜನ ಹೆಸರು ಬಂದಲ್ಲಿ ನಿಲ್ಲಿಸಿದೆ. ಎದುರಿಗಿದ್ದ ಬೆಂಚಿನಿಂದ, ಚಹಾದ ಕಪ್ಪು ಕೆಳಗಿಡುತ್ತಾ, “ಇದ್ದೇನೆ, ಇದ್ದೇನೆ, ಮುಂದೆ ಓದು” ಎಂದರು.