ಚರ್ಮದ ಚೀಲದಿಂದ ಹಳೆಯ ಕೋವಿಗೆ ಆದ ಹಾನಿಯ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಇವರಿಂದ,
ನಿಮ್ಮ ಗ್ರಾಹಕ,
ಕೌಲ್ ಬಜಾರ್, ಬಳ್ಳಾರಿ

ವಿಷಯ: ದೀರ್ಘಕಾಲ ಇಡಲು ಯೋಗ್ಯವೆಂದು ಮಾರಿದ ಚರ್ಮದ ಚೀಲದಲ್ಲಿ ಕೇಪಿನ ಕೋವಿಗೆ (ಕೇಪು ಸಿಡಿಸಿ ಹಾರಿಸುವ ಹಳೆಯ ಕಾಲದ ಬಂದೂಕಿಗೆ) ತುಕ್ಕು, ಹಿತ್ತಾಳೆಗೆ ಕಿಲುಬು ಹಿಡಿದಿರುವ ಬಗ್ಗೆ.

ಮಾನ್ಯರೇ,

ಕಳೆದ ಜೂನ್ ತಿಂಗಳಲ್ಲಿ ನಿಮ್ಮಿಂದ 6,800 ರೂಪಾಯಿಗೆ ಕೋವಿ ಇಡುವ ಚರ್ಮದ ಚೀಲವನ್ನು ತರಿಸಿಕೊಂಡೆ. ಪುರಾತನ ಬಂದೂಕುಗಳನ್ನು ಇದರಲ್ಲಿ ವರ್ಷಗಟ್ಟಲೆ ಸುರಕ್ಷಿತವಾಗಿ ಇಡಬಹುದೆಂದು ಅದರೊಂದಿಗೆ ಬಂದ ಕೈಪಿಡಿಯಲ್ಲಿ ಮುದ್ರಿಸಿದ್ದೀರಿ. ಅದನ್ನು ನಂಬಿ ನಮ್ಮ ಮುತ್ತಜ್ಜನ ಕೇಪಿನ ಕೋವಿಯನ್ನೂ ಹಿತ್ತಾಳೆಯ ಕೋವಿಮದ್ದಿನ ಡಬ್ಬಿಯನ್ನೂ ಅದರೊಳಗೆ ಇಟ್ಟೆ. ಈ ಕೋವಿ ಹಾರಿಸಲು ಬಾರದ, ದುರಸ್ತಿಗೂ ಒಗ್ಗದ ಸ್ಥಿತಿಯಲ್ಲಿದೆ. ಅಂಥ ಹಳೆಯ ಆಯುಧಗಳಿಗೆ 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇರುವುದರಿಂದ ಪರವಾನಗಿಯ ವಿಚಾರ ಇಲ್ಲಿ ಬೇಡ.

ದೀಪಾವಳಿಗೆ ಆಯುಧಗಳನ್ನು ಒರೆಸಲೆಂದು ಚೀಲ ಬಿಚ್ಚಿದಾಗ ಮೊದಲು ಹುಳಿ ವಾಸನೆ ಬಂತು. ನಳಿಗೆಯ ಮೇಲೆ, ಒಳಗಿನ ಎರಡು ಚರ್ಮದ ಪಟ್ಟಿಗಳು ಬಿಗಿದಿದ್ದ ಜಾಗದಲ್ಲೇ, ಬೆರಳಗಲದ ಎರಡು ಕೆಂಪು ತುಕ್ಕಿನ ಗೆರೆಗಳಿದ್ದವು; ಚರ್ಮದ ನೆರಿಗೆಯೂ ತುಕ್ಕಿನಲ್ಲಿ ಅಚ್ಚೊತ್ತಿದಂತೆ ಮೂಡಿತ್ತು. ಮದ್ದಿನ ಡಬ್ಬಿಯ ಒಂದು ಮಗ್ಗುಲು ಹಸಿರಾಗಿತ್ತು. ಉಗುರಿನಿಂದ ಕೆರೆದರೆ ಆ ಕಿಲುಬು ಮೇಣದಂತೆ ಮೆತ್ತಗೆ ಉಗುರಿಗೆ ಅಂಟಿಕೊಂಡಿತು.

ನನ್ನ ಮೊದಲ ದೂರಿಗೆ ನಿಮ್ಮವರು ‘ನಿಮ್ಮ ಮನೆಯಲ್ಲಿ ತೇವ ಇರಬೇಕು’ ಎಂದು ಉತ್ತರಿಸಿದ್ದಾರೆ. ಬಳ್ಳಾರಿಯ ಬಿಸಿಲು ಕಂಡವರು ಹೀಗೆ ಬರೆಯುತ್ತಿರಲಿಲ್ಲ. ಸೆಪ್ಟೆಂಬರ್ ಮಳೆಯಲ್ಲಿ ಇಲ್ಲಿಯೂ ಗಾಳಿ ತೇವವಾಗುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅದೇ ಬೀರುವಿನಲ್ಲಿ, ಅದೇ ಅರೆಯಲ್ಲಿ, ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟಿದ್ದ ಬಾಕುವಿಗೂ ಕೋವಿಯ ಗಜಕ್ಕೂ (ನಳಿಗೆಯೊಳಗೆ ಮದ್ದು ಜಡಿಯುವ ಸಲಾಕೆಗೂ) ಒಂದು ಚುಕ್ಕೆ ತುಕ್ಕು ಸಹ ಹಿಡಿದಿಲ್ಲ. ತೇವ ಮನೆಯದಾಗಿದ್ದರೆ ಅದು ಚರ್ಮದ ಪಟ್ಟಿಯ ಅಳತೆ ಹಿಡಿದು ಬರುತ್ತಿರಲಿಲ್ಲ.

ಚರ್ಮವು ಗಾಳಿಯಲ್ಲಿನ ತೇವವನ್ನು ಹೀರಿಕೊಂಡು ತನ್ನೊಳಗೆ ಹಿಡಿದಿಡುತ್ತದೆ. ತಂಗಡಿ ತೊಗಟೆಯಲ್ಲಿ ಹದ ಮಾಡಿದ ಚರ್ಮದಲ್ಲಿ ಒಗರಿನ ಆಮ್ಲ ಉಳಿದಿರುತ್ತದೆ, ಕ್ರೋಮ್ ಹಾಕಿ ಹದ ಮಾಡಿದ ಚರ್ಮದಲ್ಲಿ ಉಪ್ಪು ಮತ್ತು ಆಮ್ಲದ ಶೇಷ ಇರಬಹುದು. ಇವು ತೇವದೊಂದಿಗೆ ಕಬ್ಬಿಣಕ್ಕೆ ತಾಗಿಕೊಂಡೇ ಇದ್ದರೆ ತುಕ್ಕು ಹಿಡಿಯದೆ ಇರದು. ಎರಡು ತಿಂಗಳಿಗೊಮ್ಮೆ ಚರ್ಮಕ್ಕೆ ಎಣ್ಣೆ ಕುಡಿಸಬೇಕೆಂಬ ನಿಮ್ಮ ಸೂಚನೆಯನ್ನು ನಾನು ತಪ್ಪದೆ ಪಾಲಿಸಿದ್ದೆ. ಎಣ್ಣೆಯ ಕೊಬ್ಬಿನಾಮ್ಲಗಳು ಹಿತ್ತಾಳೆಯ ತಾಮ್ರದೊಂದಿಗೆ ಸೇರಿಯೇ ಆ ಮೇಣದಂಥ ಹಸಿರು ಕಿಲುಬು ಆಗುತ್ತದೆ, ಅಂದರೆ ನಿಮ್ಮ ಮಾತು ಕೇಳಿದ್ದೇ ಹಾನಿಯನ್ನು ಹೆಚ್ಚಿಸಿತು. ಚರ್ಮದ ಚೀಲ ಹೊತ್ತೊಯ್ಯಲು ಸರಿ, ಇಡಲು ಅಲ್ಲ. ಒರೆಯನ್ನೂ ಆಯುಧವನ್ನೂ ಬೇರೆ ಬೇರೆ ಇಡಬೇಕು, ಲೋಹಕ್ಕೆ ತೆಳುವಾಗಿ ಸೂಕ್ಷ್ಮಸ್ಫಟಿಕ ಮೇಣ (ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್) ಸವರಬೇಕು, ಬೀರುವಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇರಿಸಿ ಗಾಳಿಯ ಆರ್ದ್ರತೆಯನ್ನು ಶೇ 50ರ ಒಳಗೆ ಉಳಿಸಿಕೊಳ್ಳಬೇಕು ಎಂಬುದು ಹಳೆಯ ವಸ್ತುಗಳನ್ನು ಕಾಪಾಡುವವರಿಗೆಲ್ಲ ತಿಳಿದ ವಿಷಯ. ನಿಮ್ಮ ಕೈಪಿಡಿಯಲ್ಲಿ ಇದರ ಒಂದು ಸಾಲೂ ಇಲ್ಲ.

‘ಪಾಲಿಶ್ ಮಾಡಿಸಿಕೊಡುತ್ತೇವೆ’ ಎಂಬ ನಿಮ್ಮ ಪ್ರಸ್ತಾಪ ನನಗೆ ಒಪ್ಪಿಗೆ ಇಲ್ಲ. ನಳಿಗೆಯ ಮೇಲಿನ ಕಂದು ಬಣ್ಣ ನಾಲ್ಕು ತಲೆಮಾರಿನಿಂದ ಕೂಡಿಬಂದದ್ದು. ಉಜ್ಜು ಕಾಗದ ಹಾಕಿದರೆ ತುಕ್ಕಿನ ಜೊತೆ ಅದೂ ಹೋಗುತ್ತದೆ, ಮತ್ತೆ ಬರುವುದಿಲ್ಲ.

ಆದ್ದರಿಂದ ಚೀಲದ ಪೂರ್ಣ ಹಣವನ್ನು ಮರಳಿಸಬೇಕು, ಲೋಹ ಸಂರಕ್ಷಣೆ ಬಲ್ಲವರಿಂದ ಕೋವಿಯನ್ನೂ ಡಬ್ಬಿಯನ್ನೂ ಸರಿಪಡಿಸುವ ವೆಚ್ಚವನ್ನು ಭರಿಸಬೇಕು, ಕೈಪಿಡಿಯಿಂದ ಆ ತಪ್ಪು ಸೂಚನೆಗಳನ್ನು ತೆಗೆದು, ಈಗಾಗಲೇ ಚೀಲ ಕೊಂಡವರೆಲ್ಲರಿಗೂ ತಿಳಿಸಬೇಕು. ಈ ಕೊನೆಯದನ್ನು ನಾನು ಹಣಕ್ಕಿಂತ ಹೆಚ್ಚು ಒತ್ತಿ ಕೇಳುತ್ತಿದ್ದೇನೆ, ಏಕೆಂದರೆ ಇನ್ನೂ ಎಷ್ಟೋ ಮನೆಗಳಲ್ಲಿ ಆ ಚೀಲ ಬಿಚ್ಚದೆ ಇರಬಹುದು. ಹದಿನೈದು ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬಳ್ಳಾರಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ರಸೀದಿ, ಕೈಪಿಡಿಯ ಪ್ರತಿ ಮತ್ತು ಒಂಬತ್ತು ಫೋಟೋಗಳನ್ನು ಲಗತ್ತಿಸಿದ್ದೇನೆ. ಚೀಲವನ್ನು ಹಾಗೆಯೇ ಇಟ್ಟಿದ್ದೇನೆ. ನಿಮ್ಮವರು ಯಾವ ದಿನ ಬೇಕಾದರೂ ಮನೆಗೆ ಬಂದು ನೋಡಬಹುದು. ಕೋವಿಯನ್ನು ಮಾತ್ರ ಕೊರಿಯರ್‌ನಲ್ಲಿ ಕಳುಹಿಸುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
(ಸಹಿ)